ಚಾರ್ಲ್ಸ್ ಮಿಂಗಸ್: ಡಬಲ್ ಬೇಸ್ ಹಿಡಿದು ಇಡೀ ಬ್ಯಾಂಡ್ ನಡೆಸಿದವನ ಬಗ್ಗೆ ಮಾತಾಡೋಣ

ನಾಲ್ಕುತಂತಿ:

ಇಲ್ಲಿ ಜಾಝ್ ಮಾತು ಬಂದಾಗಲೆಲ್ಲ ಸ್ಯಾಕ್ಸೊಫೋನ್, ಟ್ರಂಪೆಟ್, ಪಿಯಾನೊ ಇಷ್ಟರಲ್ಲೇ ಮುಗಿದು ಹೋಗುತ್ತದೆ. ಹಿಂದೆ ನಿಂತು ಆಳೆತ್ತರದ ಬೇಸ್ (ಪಿಟೀಲಿನ ಜಾತಿಯ, ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ನುಡಿಸುವವನ ಹೆಸರು ಯಾರೂ ಎತ್ತುವುದಿಲ್ಲ. ಅದಕ್ಕೇ ಚಾರ್ಲ್ಸ್ ಮಿಂಗಸ್ ಬಗ್ಗೆ ಈ ಚರ್ಚೆ ಶುರು ಮಾಡುತ್ತಿದ್ದೇನೆ. ನನ್ನ ಮಟ್ಟಿಗೆ ಅಮೆರಿಕದ ಅತಿ ದೊಡ್ಡ ಸಂಗೀತ ರಚನೆಕಾರರಲ್ಲಿ ಅವನೂ ಒಬ್ಬ. ಜಾಝ್‌ನಲ್ಲಿ ಮಾತ್ರ ಅಲ್ಲ, ಒಟ್ಟಾರೆ.

ಹುಟ್ಟಿದ್ದು 1922ರ ಏಪ್ರಿಲ್ 22, ಅರಿಜೋನಾದ ನೊಗಾಲಿಸ್‌ನಲ್ಲಿ. ಅಪ್ಪ ಸೇನೆಯಲ್ಲಿ ಸಾರ್ಜೆಂಟ್. ಹುಟ್ಟಿ ಕೆಲವೇ ತಿಂಗಳಲ್ಲಿ ತಾಯಿ ತೀರಿಕೊಂಡರು. ಬೆಳೆದದ್ದು ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ. ಮನೆಯಲ್ಲಿ ಚರ್ಚಿನ ಹಾಡು ಬಿಟ್ಟರೆ ಬೇರೆ ಸಂಗೀತ ಕೇಳುವ ಹಾಗಿರಲಿಲ್ಲ. ಮಲತಾಯಿ ಕರೆದುಕೊಂಡು ಹೋಗುತ್ತಿದ್ದ ಚರ್ಚಿನಲ್ಲಿ ಜನ ಸುಮ್ನೆ ಕೂತು ಹಾಡುತ್ತಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದರು, ಕೂಗುತ್ತಿದ್ದರು, ಪಾದ್ರಿಯ ಮಾತಿಗೆ ಅಲ್ಲೇ ಉತ್ತರ ಕೊಡುತ್ತಿದ್ದರು. 1959ರ 'ಬೆಟರ್ ಗಿಟ್ ಇಟ್ ಇನ್ ಯುವರ್ ಸೋಲ್' ಕೇಳಿ. ಆ ಚಪ್ಪಾಳೆ, ಆ ಕೂಗು ಎಲ್ಲಾ ಅದರಲ್ಲಿದೆ. ನಡುವೆ ಕೂಗುವುದು ಮಿಂಗಸ್‌ನದೇ ಗಂಟಲು. ಜಾಝ್ ಅವನಿಗೆ ಸಿಕ್ಕಿದ್ದು ರೇಡಿಯೊದಲ್ಲಿ, ಪಿಯಾನೊ ವಾದಕ, ರಚನೆಕಾರ ಡ್ಯೂಕ್ ಎಲಿಂಗ್ಟನ್ ತಂಡದಿಂದ. ಚರ್ಚು ಮತ್ತು ಡ್ಯೂಕ್, ಇವೆರಡೂ ಕೊನೆಯವರೆಗೂ ಅವನನ್ನು ಬಿಡಲಿಲ್ಲ.

ಮೊದಲು ಟ್ರೊಂಬೋನ್ (ಕೊಳವೆ ಜಾರಿಸಿ ಊದುವ ಹಿತ್ತಾಳೆ ವಾದ್ಯ) ಕಲಿತ, ಆಮೇಲೆ ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲಿನಂಥದ್ದು). ಆ ಕಾಲದಲ್ಲಿ ಕಪ್ಪು ಹುಡುಗ ಎಷ್ಟೇ ಚೆನ್ನಾಗಿ ಚೆಲ್ಲೊ ನುಡಿಸಿದರೂ ಸಿಂಫನಿ ತಂಡದಲ್ಲಿ ಜಾಗ ಸಿಗುತ್ತಿರಲಿಲ್ಲ. ಗೆಳೆಯ ಬಡ್ಡಿ ಕಲೆಟ್ ಅವನನ್ನು ಬೇಸ್ ಕಡೆ ಎಳೆದ. ಬೇಸ್ ವಾದಕ ರೆಡ್ ಕ್ಯಾಲೆಂಡರ್ ಬಳಿ ಪಾಠ ಆಯಿತು. ನಂತರ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನಲ್ಲಿ ನುಡಿಸಿ ಬಂದಿದ್ದ ಹರ್ಮನ್ ರೈನ್‌ಶಾಗನ್ ಬಳಿ ವರ್ಷಗಟ್ಟಲೆ ಸಾಧನೆ. ತಂತಿಯ ಮೇಲೆ ಬಿಲ್ಲು (ಪಿಟೀಲಿನ ಕಮಾನಿನಂಥದ್ದು) ಎಳೆದು ನುಡಿಸುವುದರಲ್ಲಿ ಅವನ ಕೈ ಅಷ್ಟು ಗಟ್ಟಿ ಇರುವುದು ಅದಕ್ಕೇ.

ನನ್ನ ಮುಖ್ಯ ಮಾತು ಇದು: ಮಿಂಗಸ್ ಬರೆದದ್ದು ಇಂಥಿಂಥ ಮನುಷ್ಯರಿಗಾಗಿ. ಟ್ರಂಪೆಟ್‌ಗೆ ಅಂತ ಬರೆಯಲಿಲ್ಲ, ಟ್ರಂಪೆಟ್ ಹಿಡಿದು ಎದುರಿಗೆ ನಿಂತವನಿಗೆ ಬರೆದ. ಎಷ್ಟೋ ಸಲ ಸ್ವರಲಿಪಿಯ ಕಾಗದವನ್ನೇ ಕೊಡುತ್ತಿರಲಿಲ್ಲ. ಪಿಯಾನೊದಲ್ಲಿ ನುಡಿಸಿ, ಇಲ್ಲಾ ಬಾಯಲ್ಲಿ ಹಾಡಿ ಕಲಿಸುತ್ತಿದ್ದ. ಕಾಗದ ನೋಡಿ ನುಡಿಸಿದರೆ ಜೀವ ಇರಲ್ಲ ಅನ್ನುವುದು ಅವನ ನಂಬಿಕೆ. ಇದನ್ನು ಒಪ್ಪುತ್ತೀರಾ?

ಸಂಜೆಮಲ್ಲಿಗೆ:

ನಾನು ಜಾಝ್‌ಗೆ ಹೊಸಬಳು. ಬೇಸ್ ಅಂದರೆ ಹಿಂದೆ ಧುಮ್ ಧುಮ್ ಅನ್ನೋದು ಅಂತ ಮಾತ್ರ ಗೊತ್ತು. ಎಲ್ಲಿಂದ ಶುರು ಮಾಡಲಿ? ಒಂದೇ ಒಂದು ಹೇಳಿ, ಹತ್ತು ಹೇಳಬೇಡಿ.

ನಾಲ್ಕುತಂತಿ:

@ಸಂಜೆಮಲ್ಲಿಗೆ, ಒಂದೇ ಅಂದರೆ 'ಹೇಟಿಯನ್ ಫೈಟ್ ಸಾಂಗ್'. 1957ರಲ್ಲಿ 'ದಿ ಕ್ಲೌನ್' ಆಲ್ಬಂಗೆ ಧ್ವನಿಮುದ್ರಿಸಿದ್ದು. ಸುಮಾರು 12 ನಿಮಿಷ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನಿನ ಸ್ಪೀಕರ್‌ನಲ್ಲಿ ಬೇಸ್ ಕೇಳಿಸುವುದೇ ಇಲ್ಲ.

ಶುರುವಿನಲ್ಲಿ ಬೇಸ್ ಒಂದೇ. ತಾಳ ಇಲ್ಲ. ಒಬ್ಬನೇ ಯೋಚಿಸುತ್ತಾ ಮಾತಾಡಿಕೊಂಡ ಹಾಗೆ ನುಡಿಸುತ್ತಾನೆ. ತಂತಿಯನ್ನು ಎಳೆದು ಬಿಟ್ಟಾಗ ಮರಕ್ಕೆ ಬಡಿಯುವ ಸದ್ದೂ ಕೇಳುತ್ತದೆ. ಆಮೇಲೆ ಒಂದು ಚಿಕ್ಕ ಪಲುಕು (ಸ್ವರಗಳ ತುಣುಕು) ಹಿಡಿದು ಅದನ್ನೇ ಮತ್ತೆ ಮತ್ತೆ ನುಡಿಸುತ್ತಾನೆ. ತಾಳ ಗಟ್ಟಿಯಾದ ಮೇಲೆ ಡ್ರಮ್ ಸೇರುತ್ತದೆ. ಟ್ರೊಂಬೋನ್ ಬರುತ್ತದೆ, ಅದರ ಬೆನ್ನಿಗೇ ಆಲ್ಟೊ ಸ್ಯಾಕ್ಸೊಫೋನ್ ಅದೇ ಸಾಲನ್ನು ಹಿಡಿದು ಅಟ್ಟಿಸಿಕೊಂಡು ಬರುತ್ತದೆ. ಸದ್ದು ಏರುತ್ತಾ ಏರುತ್ತಾ ಎಲ್ಲರೂ ಕೂಗುವ ಮಟ್ಟಕ್ಕೆ ಹೋಗುತ್ತದೆ. ತೇರು ಎಳೆಯುವಾಗ ಮೊದಲ ಜಗ್ಗು ಯಾರೋ ಒಬ್ಬರದು, ಆಮೇಲೆ ಊರೆಲ್ಲ ಕೈ ಹಾಕುತ್ತದಲ್ವಾ, ಹಾಗೆ.

ಮುಂದೆ ಗತಿ ಇಮ್ಮಡಿಯಾಗುತ್ತದೆ, ಮತ್ತೆ ಇಳಿಯುತ್ತದೆ, ನಡುನಡುವೆ ಎಲ್ಲರೂ ತಟ್ಟನೆ ನಿಲ್ಲುತ್ತಾರೆ. ಆಗೆಲ್ಲ ಬೇಸ್ ಕಡೆ ಕಿವಿ ಇಡಿ. ಬ್ಯಾಂಡ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅನ್ನುವುದು ಆ ಬೇಸ್‌ನಿಂದಲೇ ತೀರ್ಮಾನವಾಗುತ್ತದೆ. ಜನಾಂಗ ದ್ವೇಷವನ್ನು, ಕಪ್ಪು ಜನ ಅನುಭವಿಸಿದ ಹಿಂಸೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಇದನ್ನು ಸರಿಯಾಗಿ ನುಡಿಸಲು ಆಗುವುದಿಲ್ಲ ಅಂತ ಮಿಂಗಸ್ ಹೇಳಿದ್ದ.

ಮೃದಂಗಮನೆ:

ಬಾಯಲ್ಲಿ ಹಾಡಿ ಕಲಿಸುತ್ತಿದ್ದ ಅಂದಿರಲ್ಲ, ಅದು ನನಗೆ ತುಂಬಾ ಹತ್ತಿರದ್ದು. ನಾವು ಮೃದಂಗ ಕಲಿಯುವುದೇ ಹಾಗೆ. ಮೊದಲು ಬಾಯಲ್ಲಿ ಕೊನ್ನಕ್ಕೋಲು, ಆಮೇಲೆ ಕೈಗೆ. ಆದರೆ ನಮ್ಮಲ್ಲಿ ಕಛೇರಿಯ ನಡುವೆ ಯಾರನ್ನೂ ನಿಲ್ಲಿಸಿ ಬೈಯುವುದಿಲ್ಲ. ಮಿಂಗಸ್ ಪ್ರೇಕ್ಷಕರ ಮುಂದೆಯೇ ಹಾಡು ನಿಲ್ಲಿಸಿ, ವಾದಕರನ್ನು ತಿದ್ದಿ, ಮೊದಲಿಂದ ಶುರು ಮಾಡಿಸುತ್ತಿದ್ದ. ತಂಡಕ್ಕೆ ಇಟ್ಟ ಹೆಸರೇ ಜಾಝ್ ವರ್ಕ್‌ಶಾಪ್.

ಡ್ರಮ್ ನುಡಿಸಿದ ಡ್ಯಾನಿ ರಿಚ್ಮಂಡ್ ಬಗ್ಗೆಯೂ ಹೇಳಬೇಕು. ಆತ ಮೊದಲು ಟೆನರ್ ಸ್ಯಾಕ್ಸೊಫೋನ್ ವಾದಕ. ಡ್ರಮ್ಸ್‌ಗೆ ಬಂದು ಹೆಚ್ಚು ಕಾಲ ಆಗುವ ಮುಂಚೆಯೇ, 1956ರ ಹೊತ್ತಿಗೆ, ಮಿಂಗಸ್ ಅವನನ್ನು ಸೇರಿಸಿಕೊಂಡ. ನಡುವೆ ಕೆಲವು ವರ್ಷ ಬಿಟ್ಟರೆ ಕೊನೆಯವರೆಗೂ ಅವನೇ. ಮಿಂಗಸ್‌ನ ಹಾಡುಗಳಲ್ಲಿ ಗತಿ ಯಾವ ಗಳಿಗೆಯಲ್ಲಾದರೂ ಬದಲಾಗುತ್ತದೆ. ಮುಂಚೆ ಲೆಕ್ಕ ಹಾಕಿ ನುಡಿಸುವವನಿಗೆ ಅದು ಸಾಧ್ಯವಿಲ್ಲ. ಬೇಸ್ ನುಡಿಸುವವನ ಉಸಿರು ಗೊತ್ತಿರಬೇಕು. ನುರಿತ ಡ್ರಮ್ಮರ್ ಬದಲು ಹೊಸಬನನ್ನು ತಾನೇ ತಯಾರು ಮಾಡಿಕೊಂಡದ್ದು ಇದಕ್ಕೇ ಅಂತ ನನಗೆ ಅನಿಸುತ್ತದೆ. ನಿಮ್ಮ ಮಾತಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಕಟುನುಡಿ:

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

'ಹೇಟಿಯನ್ ಫೈಟ್ ಸಾಂಗ್'ನಲ್ಲಿ ಟ್ರೊಂಬೋನ್ ನುಡಿಸಿದವನು ಜಿಮ್ಮಿ ನೆಪ್ಪರ್. 1962ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಟೌನ್ ಹಾಲ್ ಕಛೇರಿಗೆ ತಯಾರಿ ನಡೆಯುತ್ತಿತ್ತು. ಸಂಗೀತ ಬರೆದು ಮುಗಿದಿರಲಿಲ್ಲ. ವಾದಕರಿಗೆ ಸ್ವರಲಿಪಿ ನಕಲು ಮಾಡಿಕೊಡುವ ಕೆಲಸ ನೆಪ್ಪರ್‌ದು. ಮಿಂಗಸ್ ಇನ್ನಷ್ಟು ಕೆಲಸ ಹೇಳಿದ, ನೆಪ್ಪರ್ ಆಗಲ್ಲ ಅಂದ. ಮಿಂಗಸ್ ಅವನ ಬಾಯಿಗೆ ಗುದ್ದಿದ. ಹಲ್ಲು ಮುರಿಯಿತು. ಟ್ರೊಂಬೋನ್ ವಾದಕನಿಗೆ ತುಟಿ, ಹಲ್ಲೇ ಬದುಕು. ಮೇಲಿನ ಸ್ಥಾಯಿಯ ಸ್ವರಗಳು ನೆಪ್ಪರ್ ಕೈಗೆ ಸಿಗದೇ ಹೋದವು. ಪ್ರಕರಣ ಕೋರ್ಟಿಗೆ ಹೋಗಿ ಮಿಂಗಸ್‌ಗೆ ಶಿಕ್ಷೆಯೂ ಆಯಿತು, ಆದರೆ ಜೈಲಿಗೆ ಹೋಗಬೇಕಾಗಲಿಲ್ಲ.

ಮನುಷ್ಯರಿಗಾಗಿ ಬರೆದ ಅನ್ನುತ್ತೀರಿ. ಆ ಮನುಷ್ಯರನ್ನು ಹೀಗೆ ನಡೆಸಿಕೊಂಡದ್ದನ್ನು ದೊಡ್ಡ ಕಲಾವಿದನ ಸಿಟ್ಟು ಅಂತ ಬಿಟ್ಟುಬಿಡುವುದು ನನಗೆ ಒಪ್ಪಿಗೆ ಇಲ್ಲ.

ನಾಲ್ಕುತಂತಿ:

@ಕಟುನುಡಿ, ಒಪ್ಪಿದೆ. ಅದಕ್ಕೆ ಸಮಜಾಯಿಷಿ ಇಲ್ಲ. ಪೆಟ್ಟು ತಿಂದವನ ಕಡೆಯಿಂದಲೇ ಅದನ್ನು ನೋಡಬೇಕು. ನೆಪ್ಪರ್ 70ರ ದಶಕದಲ್ಲಿ ಮತ್ತೆ ಮಿಂಗಸ್ ಜೊತೆ ಧ್ವನಿಮುದ್ರಣ ಮಾಡಿದ. ಮಿಂಗಸ್ ಹೋದ ಮೇಲೂ ಅವನ ಸಂಗೀತ ನುಡಿಸಿದ. ಅದು ನೆಪ್ಪರ್‌ನ ದೊಡ್ಡತನ. ಮಿಂಗಸ್ ಲೆಕ್ಕಕ್ಕೆ ಅದನ್ನು ಹಾಕಬಾರದು.

ಆದರೆ ಅವನ ಸಿಟ್ಟನ್ನೆಲ್ಲ ಒಂದೇ ಗಂಟಿಗೆ ಕಟ್ಟಬೇಡಿ. ಕೆಲವು ಸಿಟ್ಟಿಗೆ ಪೂರ್ತಿ ನ್ಯಾಯ ಇತ್ತು. 1951ರಲ್ಲಿ ರೆಡ್ ನಾರ್ವೊ ಟ್ರಯೊ ಎಂಬ ಮೂವರ ತಂಡದಲ್ಲಿದ್ದ. ತಂಡಕ್ಕೆ ಟಿವಿ ಕಾರ್ಯಕ್ರಮ ಸಿಕ್ಕಾಗ ಅವನ ಜಾಗಕ್ಕೆ ಬಿಳಿಯ ವಾದಕ ಬಂದ. ಮಿಂಗಸ್ ತಂಡ ಬಿಟ್ಟ. ದುಡ್ಡಿಗಾಗಿ ಅಂಚೆ ಇಲಾಖೆಯಲ್ಲೂ ದುಡಿದ. ರೆಕಾರ್ಡ್ ಕಂಪನಿಗಳ ಕೈ ಕಾಯುವುದು ಬೇಡ ಅಂತ 1952ರಲ್ಲಿ ಡ್ರಮ್ ವಾದಕ ಮ್ಯಾಕ್ಸ್ ರೋಚ್ ಜೊತೆ ಸೇರಿ ಡೆಬ್ಯೂ ರೆಕಾರ್ಡ್ಸ್ ಕಟ್ಟಿದ. ಕಲಾವಿದರೇ ನಡೆಸುವ ಕಂಪನಿ, ಆ ಕಾಲಕ್ಕೆ ದೊಡ್ಡ ಧೈರ್ಯ. 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಚಾರ್ಲಿ ಪಾರ್ಕರ್ (ಸ್ಯಾಕ್ಸೊಫೋನ್), ಡಿಝ್ಝಿ ಗಿಲೆಸ್ಪಿ (ಟ್ರಂಪೆಟ್), ಬಡ್ ಪವೆಲ್ (ಪಿಯಾನೊ), ರೋಚ್, ಮಿಂಗಸ್ ಐವರೂ ಒಂದೇ ವೇದಿಕೆಯಲ್ಲಿ ನುಡಿಸಿದರು. ಅದೇ ರಾತ್ರಿ ರಾಕಿ ಮಾರ್ಸಿಯಾನೊ ಮತ್ತು ಜೆರ್ಸಿ ಜೋ ವಾಲ್ಕಾಟ್ ನಡುವೆ ಬಾಕ್ಸಿಂಗ್ ಪಂದ್ಯ. ಸಭಾಂಗಣ ತುಂಬಲಿಲ್ಲ. ಟೇಪ್ ಉಳಿದದ್ದರಿಂದ ಡೆಬ್ಯೂ ಅದನ್ನು ಹೊರತಂದಿತು, ಇಲ್ಲದಿದ್ದರೆ ಆ ರಾತ್ರಿ ನಮಗೆ ಸಿಗುತ್ತಲೇ ಇರಲಿಲ್ಲ. ಬೇಸ್ ಸರಿಯಾಗಿ ಕೇಳಿಸುತ್ತಿಲ್ಲ ಅಂತ ಮಿಂಗಸ್ ಆಮೇಲೆ ಸ್ಟುಡಿಯೊದಲ್ಲಿ ತನ್ನ ಭಾಗವನ್ನು ಮೇಲಿಂದ ಮತ್ತೆ ನುಡಿಸಿ ಸೇರಿಸಿದ.

ಹಡ್ಸನ್ ದಡದವಳು:

ನ್ಯಾಯದ ಸಿಟ್ಟು ಅಂದರೆ 'ಫೇಬಲ್ಸ್ ಆಫ್ ಫಾಬಸ್' ಹೇಳದೆ ಇರೋಕೆ ಆಗಲ್ಲ. 1957ರ ಸೆಪ್ಟೆಂಬರ್. ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ 9 ಕಪ್ಪು ಮಕ್ಕಳು ಸೇರಬೇಕಿತ್ತು. ಅವರನ್ನು ತಡೆಯಲು ಗವರ್ನರ್ ಒರ್ವಲ್ ಫಾಬಸ್ ನ್ಯಾಷನಲ್ ಗಾರ್ಡ್ ಸೈನಿಕರನ್ನು ಶಾಲೆಯ ಬಾಗಿಲಿಗೆ ನಿಲ್ಲಿಸಿದ. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೇನೆ ಕಳಿಸಿ ಮಕ್ಕಳನ್ನು ಒಳಗೆ ಬಿಡಿಸಬೇಕಾಯಿತು.

ಮಿಂಗಸ್ ಆ ಗವರ್ನರ್ ಹೆಸರಿನಲ್ಲೇ ಹಾಡು ಕಟ್ಟಿದ. 1959ರಲ್ಲಿ ಕೊಲಂಬಿಯಾ ಕಂಪನಿಯ 'ಮಿಂಗಸ್ ಆ ಅಮ್' ಆಲ್ಬಂನಲ್ಲಿ ಮಾತಿಲ್ಲದೆ ಬಂತು, ಸಾಹಿತ್ಯಕ್ಕೆ ಕಂಪನಿ ಒಪ್ಪಲಿಲ್ಲ. ಮರುವರ್ಷ ಕ್ಯಾಂಡಿಡ್ ಅನ್ನುವ ಸಣ್ಣ ಕಂಪನಿಗೆ ಮಾತು ಸಮೇತ ನುಡಿಸಿದ. ಮಿಂಗಸ್ ಪ್ರಶ್ನೆ ಕೇಳುತ್ತಾನೆ, ಡ್ಯಾನಿ ರಿಚ್ಮಂಡ್ ಡ್ರಮ್ ಹಿಂದಿನಿಂದ ಉತ್ತರ ಕೂಗುತ್ತಾನೆ. ರಾಗವನ್ನು ಬೇಕೆಂದೇ ಕುಂಟುವ ಹಾಗೆ, ಅಣಕಿಸುವ ಹಾಗೆ ಮಾಡಿದ್ದಾನೆ. ಎರಡನ್ನೂ ಒಂದಾದ ಮೇಲೆ ಒಂದು ಕೇಳಿ. ಮಾತಿಲ್ಲದ್ದರಲ್ಲೂ ಅಣಕ ಪೂರ್ತಿ ಇದೆ.

ಇನ್ನೊಂದು. ಅದೇ ಕ್ಯಾಂಡಿಡ್ ಆಲ್ಬಂನಲ್ಲಿ 'ವಾಟ್ ಲವ್' ಅಂತ ಇದೆ. ಸ್ಯಾಕ್ಸೊಫೋನ್, ಬೇಸ್ ಕ್ಲಾರಿನೆಟ್ ಎರಡೂ ಊದುತ್ತಿದ್ದ ಎರಿಕ್ ಡಾಲ್ಫಿ ತಂಡ ಬಿಡುತ್ತೇನೆ ಅಂತ ಹೇಳಿದ್ದ ಹೊತ್ತು. ಹಾಡಿನ ನಡುವೆ ಮಿಂಗಸ್‌ನ ಬೇಸ್, ಡಾಲ್ಫಿಯ ಬೇಸ್ ಕ್ಲಾರಿನೆಟ್ ಎರಡೇ ಉಳಿಯುತ್ತವೆ. ತಾಳ ಇಲ್ಲ, ಸ್ವರ ಅನ್ನುವುದಕ್ಕಿಂತ ಮಾತೇ ಜಾಸ್ತಿ. ಒಬ್ಬ ಗದರುತ್ತಾನೆ, ಇನ್ನೊಬ್ಬ ಗೊಣಗುತ್ತಾನೆ, ವಾದಿಸುತ್ತಾನೆ, ಕೆರಳುತ್ತಾನೆ. ಒಂದು ಶಬ್ದ ಇಲ್ಲದೆಯೂ ಏನು ಜಗಳ ಅಂತ ಗೊತ್ತಾಗುತ್ತದೆ. ನಾನು ಕೇಳಿದ ಸಂಗೀತದಲ್ಲೆಲ್ಲ ಇಷ್ಟು ನೇರವಾದದ್ದು ಬೇರೆ ಇಲ್ಲ.

ಡಾಲ್ಫಿ ಹೋದ, ಮತ್ತೆ ಬಂದ. 1964ರಲ್ಲಿ ಯೂರೋಪ್ ಪ್ರವಾಸಕ್ಕೆ ಜೊತೆಗಿದ್ದ. ಪ್ರವಾಸ ಮುಗಿದ ಮೇಲೆ ಅಲ್ಲೇ ಉಳಿದ. ಜೂನ್ 29ರಂದು ಬರ್ಲಿನ್‌ನಲ್ಲಿ ತೀರಿಕೊಂಡ, 36 ವರ್ಷ. ಮಿಂಗಸ್ ತನ್ನ ಮಗನಿಗೆ ಎರಿಕ್ ಡಾಲ್ಫಿ ಅಂತಲೇ ಹೆಸರಿಟ್ಟ.

ಸಂಜೆಮಲ್ಲಿಗೆ:

'ಹೇಟಿಯನ್' ಕೇಳಿದೆ. ಎದೆ ಹೊಡೆದುಕೊಳ್ಳುವ ಹಾಗೆ ಆಯಿತು. ಅದೇ ಆಲ್ಬಂ ಮುಂದುವರಿಸುವ ಬದಲು 'ಗುಡ್‌ಬೈ ಪೋರ್ಕ್ ಪೈ ಹ್ಯಾಟ್' ಹಾಕಿಕೊಂಡೆ. ಅದು ಬೇರೆಯೇ ಮನುಷ್ಯ ಬರೆದ ಹಾಗಿದೆ. ಇಷ್ಟು ಮೆತ್ತಗಿನದು ಅವನದೇನಾ?

ನಾಲ್ಕುತಂತಿ:

ಅವನದೇ. ಲೆಸ್ಟರ್ ಯಂಗ್ ಎಂಬ ಸ್ಯಾಕ್ಸೊಫೋನ್ ವಾದಕ 1959ರ ಮಾರ್ಚ್ 15ರಂದು ತೀರಿಕೊಂಡ. ಯಾವಾಗಲೂ ಚಪ್ಪಟೆ ತಲೆಯ ಅಗಲದ ಟೋಪಿ ಹಾಕುತ್ತಿದ್ದ, ಅದನ್ನೇ ಪೋರ್ಕ್ ಪೈ ಹ್ಯಾಟ್ ಅನ್ನುವುದು, ಅದೇ ಹಾಡಿನ ಹೆಸರು. ಎರಡು ತಿಂಗಳಲ್ಲಿ ಇದು ಧ್ವನಿಮುದ್ರಣ ಆಯಿತು. ಹನ್ನೆರಡು ಆವರ್ತದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಪ್ರಕಾರ) ಚೌಕಟ್ಟೇ, ಆದರೆ ಒಳಗಿನ, ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್‌ಗಳು ಬ್ಲೂಸ್‌ನವಲ್ಲ. ಮೇಲೆ ಸರಳ ರಾಗ ಹೋಗುತ್ತಿರುತ್ತದೆ, ಕೆಳಗೆ ನೆಲ ಸರಿಯುತ್ತಲೇ ಇರುತ್ತದೆ. ಜಾನ್ ಹ್ಯಾಂಡಿಯ ಟೆನರ್ ಸೋಲೊದಲ್ಲಿ ಒಂದು ಕಡೆ ನಾಲಿಗೆ ನಡುಗಿಸಿ ಸ್ವರವನ್ನೇ ಅದುರಿಸುತ್ತಾನೆ. ಅಲ್ಲಿ ನಿಲ್ಲಿಸಿ ಇನ್ನೊಮ್ಮೆ ಕೇಳಿ.

ಮೃದಂಗಮನೆ:

ಬೆಂಗಳೂರಿನವರಿಗೆ ಒಂದು ವಿಷಯ. 'ದಿ ಬ್ಲ್ಯಾಕ್ ಸೇಂಟ್ ಆಂಡ್ ದಿ ಸಿನ್ನರ್ ಲೇಡಿ' ಮಿಂಗಸ್‌ನ ಅತಿ ದೊಡ್ಡ ಕೆಲಸ ಅಂತ ಬಹಳ ಜನ ಹೇಳುತ್ತಾರೆ, ನಾನೂ ಹೇಳುತ್ತೇನೆ. 1963ರ ಜನವರಿ 20ರಂದು 11 ಜನರ ತಂಡದೊಂದಿಗೆ ನುಡಿಸಿದ್ದು. ನೃತ್ಯಕ್ಕೆ ಅಂತ ಯೋಚಿಸಿ ಬರೆದದ್ದು. ಆಮೇಲೆ ಟೇಪ್ ಕತ್ತರಿಸಿ ಜೋಡಿಸಿ, ಕೆಲವು ಭಾಗ ಮೇಲಿಂದ ನುಡಿಸಿ ಸೇರಿಸಿದ್ದಾರೆ. ಆಲ್ಬಂನ ಹಿಂಬದಿಯ ಟಿಪ್ಪಣಿಯಲ್ಲಿ ಒಂದು ಭಾಗವನ್ನು ಬರೆದವರು ಅವನ ಮನಶ್ಶಾಸ್ತ್ರಜ್ಞ ಎಡ್ಮಂಡ್ ಪೊಲಾಕ್.

ಅದರಲ್ಲಿ ಅಳುವ ಹಾಗೆ ಕೇಳಿಸುವ ಆಲ್ಟೊ ಸ್ಯಾಕ್ಸೊಫೋನ್ ಚಾರ್ಲಿ ಮರಿಯಾನೊ ಅವರದು. ಇದೇ ಮರಿಯಾನೊ ಮುಂದೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ನಮ್ಮ ಬೆಂಗಳೂರಿನ ತಾಳವಾದ್ಯ ಸಂಸ್ಥೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ವರ್ಷಗಟ್ಟಲೆ ನುಡಿಸಿದರು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಕಂಠ, ಮರಿಯಾನೊ ಊದುವಿಕೆ, ಇವು ಸೇರಿದ 'ಜ್ಯೋತಿ' ಆಲ್ಬಂ 1983ರಲ್ಲಿ ಇಸಿಎಂ ಕಂಪನಿಯಿಂದ ಬಂತು. ಮೊದಲು 'ಬ್ಲ್ಯಾಕ್ ಸೇಂಟ್' ಕೇಳಿ, ಆಮೇಲೆ 'ಜ್ಯೋತಿ' ಕೇಳಿ. ಒಂದೇ ಉಸಿರು ಎಲ್ಲಿಂದ ಎಲ್ಲಿಗೆ ಬಂತು ಅಂತ ತಿಳಿಯುತ್ತದೆ. ನಮ್ಮೂರಿನಲ್ಲೇ ಇದು ಎಷ್ಟು ಜನಕ್ಕೆ ಗೊತ್ತಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಕಟುನುಡಿ:

ಇದು ನನಗೂ ಗೊತ್ತಿರಲಿಲ್ಲ, ಧನ್ಯವಾದ. ಈಗ ಮೊದಲ ಪ್ರಶ್ನೆಗೆ ಬರೋಣ. ಇಂಥಿಂಥ ಮನುಷ್ಯರಿಗೆ ಅಂತಲೇ ಬರೆದಿದ್ದರೆ, ಡಾಲ್ಫಿ ಇಲ್ಲ, ರಿಚ್ಮಂಡ್ ಇಲ್ಲ, ಮಿಂಗಸ್ಸೇ ಇಲ್ಲ. ಆ ಸಂಗೀತ ಯಾಕೆ ಸಾಯಲಿಲ್ಲ?

ಹಡ್ಸನ್ ದಡದವಳು:

ಒಳ್ಳೆ ಪ್ರಶ್ನೆ. ಇದಕ್ಕೆ ಅವನ ಕೊನೆಯ ವರ್ಷಗಳನ್ನು ನೋಡಬೇಕು.

1966ರಲ್ಲಿ ನ್ಯೂಯಾರ್ಕ್‌ನ ಗ್ರೇಟ್ ಜೋನ್ಸ್ ಬೀದಿಯ ಮನೆಯಿಂದ ಅವನನ್ನು ಹೊರಹಾಕಿದರು. ಅಲ್ಲಿ ಸಂಗೀತ ಶಾಲೆ ಮಾಡುವ ಆಸೆ ಇತ್ತು. ಸಾಮಾನು, ಬರೆದ ಕಾಗದ ಎಲ್ಲಾ ಬೀದಿಗೆ ಬಂದವು. ಅದನ್ನು ಥಾಮಸ್ ರೈಕ್‌ಮನ್ ಸಾಕ್ಷ್ಯಚಿತ್ರದಲ್ಲಿ ಹಿಡಿದಿದ್ದಾನೆ. ಅದಾದ ಮೇಲೆ ಕೆಲವು ವರ್ಷ ಹೆಚ್ಚುಕಡಿಮೆ ಮೌನ. 1971ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು, ಆತ್ಮಕಥೆಯೂ ಬಂತು. 70ರ ದಶಕದಲ್ಲಿ ಡಾನ್ ಪುಲೆನ್ (ಪಿಯಾನೊ), ಜಾರ್ಜ್ ಆಡಮ್ಸ್ (ಸ್ಯಾಕ್ಸೊಫೋನ್) ಇದ್ದ ತಂಡ ಮತ್ತೆ ಬೆಂಕಿ ಹಚ್ಚಿತು.

1977ರಲ್ಲಿ ಎಎಲ್‌ಎಸ್ ಕಾಯಿಲೆ ಅಂತ ಗೊತ್ತಾಯಿತು. ನರಗಳು ಸೋತು ಸ್ನಾಯುಗಳು ಒಂದೊಂದೇ ಕೈಕೊಡುವ ಕಾಯಿಲೆ. ಬೇಸ್ ಹಿಡಿಯಲು ಆಗಲಿಲ್ಲ, ಪಿಯಾನೊ ಆಗಲಿಲ್ಲ, ಪೆನ್ನೂ ಆಗಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಟೇಪ್ ರೆಕಾರ್ಡರ್‌ಗೆ ಹಾಡಿ ರಚನೆ ಮಾಡಿದ. ಆಗ ಗಾಯಕಿ ಜೋನಿ ಮಿಚೆಲ್‌ಗಾಗಿ ರಾಗಗಳನ್ನು ಕಟ್ಟಿದ, ಆ ಆಲ್ಬಂ ಬರುವಷ್ಟರಲ್ಲಿ ಅವನು ಇರಲಿಲ್ಲ. 1978ರ ಜೂನ್ 18ರಂದು ಶ್ವೇತಭವನದ ಹುಲ್ಲುಹಾಸಿನಲ್ಲಿ ಜಾಝ್ ಕಛೇರಿ ನಡೆಯಿತು. ಅಲ್ಲಿದ್ದವರೆಲ್ಲ ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟಿದರು. ಅವನು ಅತ್ತ, ಅಧ್ಯಕ್ಷ ಕಾರ್ಟರ್ ಬಂದು ಅಪ್ಪಿಕೊಂಡರು. 1979ರ ಜನವರಿ 5ರಂದು ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ ತೀರಿಕೊಂಡ, 56 ವರ್ಷ. ಹರೆಯದಲ್ಲೇ ಚಿತ್ರಕಾರ ಫಾರ್ವೆಲ್ ಟೇಲರ್ ಮೂಲಕ ವೇದಾಂತದ ಪರಿಚಯ ಆಗಿತ್ತು. ಅವನ ಆಸೆಯಂತೆ ಹೆಂಡತಿ ಸ್ಯೂ ಚಿತಾಭಸ್ಮವನ್ನು ಭಾರತಕ್ಕೆ ತಂದು ಗಂಗೆಯಲ್ಲಿ ಬಿಟ್ಟರು.

ಈಗ ನಿಮ್ಮ ಪ್ರಶ್ನೆ. ಅವನು ಹೋದ ಮೇಲೆ ಕಾಗದಪತ್ರ ಜೋಡಿಸುವಾಗ ಆಂಡ್ರೂ ಹೋಮ್ಝಿ ಎಂಬ ಸಂಗೀತಜ್ಞನಿಗೆ ಒಂದು ದೊಡ್ಡ ಬರಹ ಸಿಕ್ಕಿತು. ಹೆಸರು 'ಎಪಿಟಾಫ್'. 4,235 ಆವರ್ತಗಳಿಗೆ ಸಾಲಾಗಿ ಸಂಖ್ಯೆ ಹಾಕಿ ಇಟ್ಟಿದ್ದ. 1962ರ ಟೌನ್ ಹಾಲ್‌ನಲ್ಲಿ ಕೆಟ್ಟುಹೋದದ್ದು ಇದರ ತುಂಡುಗಳೇ. ಅವತ್ತು ವೇದಿಕೆಯ ಮೇಲೇ ಕೂತು ನಕಲುಗಾರರು ಸ್ವರಲಿಪಿ ಬರೆಯುತ್ತಿದ್ದರು. 1989ರ ಜೂನ್ 3ರಂದು ಲಿಂಕನ್ ಸೆಂಟರ್‌ನಲ್ಲಿ ಗುಂಥರ್ ಶುಲರ್ ಎರಡು ಗಂಟೆಗೂ ಮೀರಿದ ಆ ಕೃತಿಯನ್ನು ದೊಡ್ಡ ತಂಡದಿಂದ ನುಡಿಸಿದರು.

ಕಾಗದ ಬೇಡ ಅಂದವನೇ ಇಷ್ಟು ಬರೆದಿಟ್ಟಿದ್ದ. ಎರಡೂ ನಿಜ. ಒಂದು ಕಡೆ ಎದುರಿಗಿರುವ ಮನುಷ್ಯ, ಇನ್ನೊಂದು ಕಡೆ ಇನ್ನೂ ಹುಟ್ಟದ ವಾದಕ.

ನಾಲ್ಕುತಂತಿ:

ಇದನ್ನು ನಾನು ಹೀಗೆ ಯೋಚಿಸಿರಲಿಲ್ಲ. ನನ್ನ ಮಾತಿಗೆ ಒಂದೇ ಸೇರಿಸುತ್ತೇನೆ. ಅವನ ಬರಹದಲ್ಲಿ ವಾದಕನಿಗೆ ಬಿಟ್ಟ ಜಾಗ ಇದೆ. ಆ ಜಾಗದಲ್ಲಿ ಡಾಲ್ಫಿಯ ಹಾಗೆ ನುಡಿಸಲು ಹೋದರೆ ಸೋಲುತ್ತಾರೆ, ತಮ್ಮದೇ ನುಡಿಸಿದರೆ ಗೆಲ್ಲುತ್ತಾರೆ.

ಹಡ್ಸನ್ ದಡದವಳು:

ಅದನ್ನು ಕಣ್ಣಾರೆ ಕಂಡಿದ್ದೇನೆ. ನ್ಯೂಯಾರ್ಕ್‌ನ ಜಾಝ್ ಸ್ಟ್ಯಾಂಡರ್ಡ್ ಎಂಬ ಕ್ಲಬ್‌ನಲ್ಲಿ ಸೋಮವಾರ ಸೋಮವಾರ ಮಿಂಗಸ್ ಬಿಗ್ ಬ್ಯಾಂಡ್ ನುಡಿಸುತ್ತಿತ್ತು. ಆ ಜಾಗ 2020ರಲ್ಲಿ ಮುಚ್ಚಿತು. ನಾನು ಹೋದ ರಾತ್ರಿ 'ಹೇಟಿಯನ್' ನುಡಿಸಿದರು. ಬೇಸ್ ನುಡಿಸಿದ ಹುಡುಗ ರೆಕಾರ್ಡಿನ ಶುರುವಾತನ್ನು ಮುಟ್ಟಲೇ ಇಲ್ಲ. ಬಿಲ್ಲು ತೆಗೆದುಕೊಂಡು ಏನೋ ತನ್ನದೇ ನುಡಿಸಿದ, ಬಹಳ ಹೊತ್ತು. ಆಮೇಲೆ ಆ ಪಲುಕಿಗೆ ಬಂದ. ಟ್ರೊಂಬೋನ್‌ನವರು ಕುರ್ಚಿಯಿಂದ ಎದ್ದು ನಿಂತರು.

ಸಂಜೆಮಲ್ಲಿಗೆ:

ಹಾಗಾದರೆ ನನ್ನ ಪಟ್ಟಿ: 'ವಾಟ್ ಲವ್', ಆಮೇಲೆ 'ಬ್ಲ್ಯಾಕ್ ಸೇಂಟ್', ಅದರ ಬೆನ್ನಿಗೇ 'ಜ್ಯೋತಿ'. @ಮೃದಂಗಮನೆ, 'ಜ್ಯೋತಿ' ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ರಮಾಮಣಿ ಅವರ ಹಾಡಿಕೆ ಬಗ್ಗೆ ಕೇಳುವುದು ತುಂಬಾ ಇದೆ.